ಘನ ಅಡಿಗೆ ₹80: ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದು ಮನೆಯ ಸಾಮಾನು

ಎರಡು ಮಲಗುವ ಕೋಣೆಯ ಬಾಡಿಗೆ ಮನೆಯೊಂದರ ಸಾಮಾನನ್ನೆಲ್ಲ ಅಳತೆ ಟೇಪು ಹಿಡಿದು ಅಳೆದರೆ ಸುಮಾರು 458 ಘನ ಅಡಿ ಬರುತ್ತದೆ. ತೂಕ 1,442 ಕಿಲೋ. ಮನೆ ಬದಲಾಯಿಸಬೇಕಾದವರಲ್ಲಿ ಹೆಚ್ಚಿನವರು ಈ ಎರಡು ಸಂಖ್ಯೆಗಳಲ್ಲಿ ಒಂದನ್ನೂ ತಿಳಿದುಕೊಳ್ಳದೆ ಸಾಗಣೆಯವರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಬರುವ ಮೊದಲ ಮಾತು "ಟೂ ಬಿಎಚ್‌ಕೆ ಅಲ್ವಾ ಸಾರ್, ಮೂವತ್ತೆಂಟು ಆಗುತ್ತೆ" ಎಂದು. ಯಾವುದಕ್ಕೆ ಮೂವತ್ತೆಂಟು ಸಾವಿರ, ಎಷ್ಟು ದೊಡ್ಡ ಗಾಡಿ, ಎಷ್ಟು ಜನ ಆಳು ಎಂಬುದನ್ನು ಕೇಳಿದರೂ ಉತ್ತರ ತೂಗಿ ನೋಡಲು ನಮ್ಮ ಬಳಿ ತಕ್ಕಡಿಯೇ ಇರುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಟ್ಟರೆ ಆ ತಕ್ಕಡಿ ನಾವೇ ಮಾಡಿಕೊಳ್ಳಬಹುದು. ಈ ಬರಹ ಆ ಲೆಕ್ಕದ ಬಗ್ಗೆ.

ಉದಾಹರಣೆಗೆ ಹಿಡಿದಿರುವುದು ಬೆಂಗಳೂರಿನ ವಿಜಯನಗರದಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗುವ ನಾಲ್ಕು ಜನರ ಕುಟುಂಬ. ದೂರ ಸುಮಾರು 410 ಕಿಲೋಮೀಟರ್. ಡೀಸೆಲ್ ಲೀಟರ್‌ಗೆ ₹91, ಆಳಿನ ಕೂಲಿ ದಿನಕ್ಕೆ ₹1,000, ರಟ್ಟಿನ ಬಾಕ್ಸ್ ಒಂದಕ್ಕೆ ₹60, ಬೆಂಗಳೂರಿನ ಬಾಡಿಗೆ ₹24,000, ಹುಬ್ಬಳ್ಳಿಯದು ₹14,000. ಇವು ಲೆಕ್ಕಕ್ಕಾಗಿ ಹಿಡಿದ ದರಗಳು. ನಿಮ್ಮ ಊರಿನ, ನಿಮ್ಮ ತಿಂಗಳ ದರ ಹಾಕಿಕೊಂಡರೆ ಮೊತ್ತ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಟೇಪು ಹಿಡಿದರೆ ಕಾಣುವುದು

ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 1,728ರಿಂದ ಭಾಗಿಸಿದರೆ ಘನ ಅಡಿ. ಸಾಗಣೆಯವರ ಬಾಯಲ್ಲಿ ಇದು ಸಿಎಫ್‌ಟಿ. ನಮ್ಮ ಮನೆಯ ಪಟ್ಟಿ ಹೀಗಿದೆ:

ಸೋಫಾ (3+1+1) — 100 ಘನ ಅಡಿ, 105 ಕಿಲೋ
ರಟ್ಟಿನ ಬಾಕ್ಸ್ 40 — 80 ಘನ ಅಡಿ, 480 ಕಿಲೋ
ಕಬ್ಬಿಣದ ಬೀರು 2 — 62 ಘನ ಅಡಿ, 180 ಕಿಲೋ
ಬಿಚ್ಚಿದ ಮಂಚ 2 — 40 ಘನ ಅಡಿ, 140 ಕಿಲೋ
ಬಟ್ಟೆ, ಹೊದಿಕೆಯ ಗಂಟು 8 — 32 ಘನ ಅಡಿ, 120 ಕಿಲೋ
ಹಾಸಿಗೆ 2 — 26 ಘನ ಅಡಿ, 40 ಕಿಲೋ
ಊಟದ ಮೇಜು, 4 ಕುರ್ಚಿ — 25 ಘನ ಅಡಿ, 50 ಕಿಲೋ
ಫ್ರಿಜ್ — 23 ಘನ ಅಡಿ, 55 ಕಿಲೋ
ಓದುವ ಮೇಜು — 20 ಘನ ಅಡಿ, 25 ಕಿಲೋ
ವಾಷಿಂಗ್ ಮೆಷಿನ್ — 10 ಘನ ಅಡಿ, 62 ಕಿಲೋ
ಇನ್ವರ್ಟರ್, ಬ್ಯಾಟರಿ — 6 ಘನ ಅಡಿ, 75 ಕಿಲೋ
ಟಿವಿ — 4 ಘನ ಅಡಿ, 10 ಕಿಲೋ
ಬಕೆಟ್, ಗ್ರೈಂಡರ್, ಸ್ಟ್ಯಾಂಡು, ಕುಂಡ ಇತ್ಯಾದಿ — 30 ಘನ ಅಡಿ, 100 ಕಿಲೋ

ಪಟ್ಟಿಯ ಮೊದಲ ಸಾಲನ್ನು ಮತ್ತೊಮ್ಮೆ ನೋಡಿ. ಮೂರು ಜನ ಕೂರುವ ಸೋಫಾ 78 ಇಂಚು ಉದ್ದ, 34 ಅಗಲ, 34 ಎತ್ತರ, ಅಂದರೆ 52 ಘನ ಅಡಿ. ಒಬ್ಬರ ಸೋಫಾ ತಲಾ 24. ಇಡೀ ಮನೆಯ ತೂಕದಲ್ಲಿ ಸೋಫಾ ಸೆಟ್ಟಿನ ಪಾಲು 7%, ಜಾಗದಲ್ಲಿ ಸುಮಾರು 22%. ಲಾರಿಯ ಐದನೇ ಒಂದು ಭಾಗ ತುಂಬುವುದು ಸ್ಪಂಜು ಮತ್ತು ಗಾಳಿ.

14 ಅಡಿಯ ಕ್ಯಾಂಟರ್ ಅಥವಾ ಐಷರ್ ಮೂರು, ಮೂರೂವರೆ ಟನ್ ಹೊರುತ್ತದೆ. ನಮ್ಮ ಒಂದೂವರೆ ಟನ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಅದರ ಡಬ್ಬಿ 14×6×6, ಅಂದರೆ 504 ಘನ ಅಡಿ. ಸಾಮಾನು ಇಟ್ಟಿಗೆಯ ಹಾಗೆ ಒಂದಕ್ಕೊಂದು ಅಂಟಿ ಕೂರುವುದಿಲ್ಲ. ಎಷ್ಟೇ ಜಾಣ ಲೋಡಿಂಗ್‌ನವನಾದರೂ ಐದರಲ್ಲಿ ಒಂದು ಭಾಗ ಸಂದಿಗಳಿಗೆ ಹೋಗುತ್ತದೆ. 458ನ್ನು 0.8ರಿಂದ ಭಾಗಿಸಿದರೆ 572 ಘನ ಅಡಿ ಬೇಕು. 14 ಅಡಿಯ ಗಾಡಿಗೆ 68 ಘನ ಅಡಿ ಹೆಚ್ಚಾಯಿತು. 17 ಅಡಿಯ ಗಾಡಿ ಬೇಕಾಯಿತು.

ಊರೊಳಗೇ ಮನೆ ಬದಲಾಯಿಸುವವರಿಗೂ ಇದೇ ಮಾತು. 2005ರಲ್ಲಿ ಬಂದ ಟಾಟಾ ಏಸ್, ಅಂದರೆ ನಮ್ಮ ಛೋಟಾ ಹಾಥಿ, ಸುಮಾರು 750 ಕಿಲೋ ಹೊರುತ್ತದೆ. ತೂಕದ ಲೆಕ್ಕದಲ್ಲಿ ನಮ್ಮ ಮನೆಗೆ ಎರಡು ಟ್ರಿಪ್ ಸಾಕು. ಅದರ ತಳ ಏಳು ಅಡಿಗೆ ಐದು ಅಡಿಗೂ ಕಡಿಮೆ. ಐದಡಿ ಎತ್ತರಕ್ಕೆ ಪೇರಿಸಿದರೂ ಸಂದಿ ಕಳೆದು ಒಂದು ಟ್ರಿಪ್ಪಿಗೆ 130 ಘನ ಅಡಿಯಷ್ಟು ಹೋಗುತ್ತದೆ. ಜಾಗದ ಲೆಕ್ಕದಲ್ಲಿ ನಾಲ್ಕು ಟ್ರಿಪ್. "ಎರಡು ಟ್ರಿಪ್ ಸಾಕು" ಎಂದು ಶುರುವಾದದ್ದು ರಾತ್ರಿ ಹನ್ನೊಂದರವರೆಗೆ ಎಳೆಯುವುದು ಈ ಕಾರಣಕ್ಕೆ.

ಒಂದು ಘನ ಅಡಿಯ ಬೆಲೆ

17 ಅಡಿಯ ಗಾಡಿ ಲೀಟರ್‌ಗೆ 7 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳಿ. ಹೋಗಿ ಬರಲು 820 ಕಿಲೋಮೀಟರ್, 117 ಲೀಟರ್ ಡೀಸೆಲ್, ₹10,700. ಟೋಲ್ ಎರಡೂ ಕಡೆ ₹2,500. ಡ್ರೈವರ್ ಮತ್ತು ಕ್ಲೀನರ್ ಬಾಟಾ ₹2,500. ಗಾಡಿಯ ಕಂತು, ವಿಮೆ, ಟೈರು, ಮಾಲೀಕನ ಲಾಭ ಸೇರಿ ದಿನಕ್ಕೆ ₹3,500ರಂತೆ ಎರಡು ದಿನಕ್ಕೆ ₹7,000. ಇಲ್ಲಿ ಹೇರಲು ಐದು ಆಳು, ಅಲ್ಲಿ ಇಳಿಸಲು ಐದು ಹಮಾಲರು, ₹10,000. ಬಾಕ್ಸ್, ಟೇಪು, ಬಬಲ್ ಶೀಟು ₹5,000. ಒಟ್ಟು ₹37,700. ಇದನ್ನು 458ರಿಂದ ಭಾಗಿಸಿದರೆ ಒಂದು ಘನ ಅಡಿಗೆ ₹82. ಬಾಯಿಲೆಕ್ಕಕ್ಕೆ ₹80 ಎಂದಿಟ್ಟುಕೊಳ್ಳೋಣ.

ಈ ₹80 ಕೈಗೆ ಸಿಕ್ಕ ಮೇಲೆ ಮನೆಯ ಪ್ರತಿಯೊಂದು ವಸ್ತುವಿಗೂ ಒಂದು ಟಿಕೆಟ್ ದರ ಬರುತ್ತದೆ. ಸೋಫಾ ಸೆಟ್ಟಿನ ಪ್ರಯಾಣಕ್ಕೆ ₹8,000. ಫ್ರಿಜ್ಜಿಗೆ ₹1,840. ಕಬ್ಬಿಣದ ಬೀರು ಒಂದಕ್ಕೆ ₹2,480. ಹೊಸದು ಕೊಳ್ಳಲು ಅದರ ಐದಾರು ಪಟ್ಟು ಬೇಕು, ಆದ್ದರಿಂದ ಬೀರು ಕಣ್ಣುಮುಚ್ಚಿ ಗಾಡಿ ಹತ್ತಬಹುದು. ಓದುವ ಮೇಜಿಗೆ ₹1,600. ಅದು ಪಾರ್ಟಿಕಲ್ ಬೋರ್ಡಿನದಾದರೆ ಎರಡನೇ ಸಲ ಬಿಚ್ಚಿ ಜೋಡಿಸುವಾಗ ಸ್ಕ್ರೂ ಹಿಡಿಯುವುದಿಲ್ಲ. ಪುಡಿ ಉದುರುವ ತೂತಿಗೆ ಬೆಂಕಿಕಡ್ಡಿ ತುರುಕಿ ನಿಲ್ಲಿಸಬೇಕಾಗುತ್ತದೆ. ಅಂಥದ್ದನ್ನು ಕೆಳಗಿನ ಮನೆಯ ಹುಡುಗನಿಗೆ ಓದಲು ಕೊಟ್ಟು ಹೊರಡುವುದೇ ಲಾಭ.

ಇನ್ನೊಂದು ಸೂಕ್ಷ್ಮವಿದೆ. ಗಾಡಿಯ ಬಾಡಿಗೆ ಘನ ಅಡಿಗೆ ತಕ್ಕಂತೆ ಸಲೀಸಾಗಿ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಮ್ಮ ಪಟ್ಟಿಯಿಂದ ಒಬ್ಬರ ಸೋಫಾ ಎರಡು (48) ಮತ್ತು ಓದುವ ಮೇಜು (20) ತೆಗೆದುಹಾಕಿದರೆ ಉಳಿಯುವುದು 390. ಸಂದಿ ಸೇರಿಸಿ 488. ಈಗ 14 ಅಡಿಯ ಗಾಡಿಯಲ್ಲಿ ಕೂರುತ್ತದೆ, 16 ಘನ ಅಡಿ ಮಿಕ್ಕುತ್ತದೆ. ಆ ಗಾಡಿಗೆ ಲೀಟರ್‌ಗೆ 8.5 ಕಿಲೋಮೀಟರ್‌ನಂತೆ ಡೀಸೆಲ್ ₹8,800, ಟೋಲ್ ₹2,000, ಬಾಟಾ ₹2,500, ಗಾಡಿಯ ಎರಡು ದಿನ ₹6,000, ನಾಲ್ಕು ನಾಲ್ಕು ಆಳು ₹8,000, ಪ್ಯಾಕಿಂಗ್ ₹5,000, ಒಟ್ಟು ₹32,300. ಮೂರು ವಸ್ತು ಬಿಟ್ಟದ್ದಕ್ಕೆ ₹5,400 ಉಳಿತಾಯ. ಅವನ್ನು ಮಾರಿದ ಹಣ ಬೇರೆ. ಏನನ್ನು ಬಿಡಬೇಕು ಎಂಬ ಜಗಳ ಪ್ರತಿ ಮನೆಯಲ್ಲೂ ಇರುತ್ತದೆ. ಮೆಟ್ಟಿಲಿನಿಂದ ಕೆಳಗಿಳಿಯಲು ಎಷ್ಟು ಘನ ಅಡಿ ಕಡಿಮೆ ಮಾಡಬೇಕು ಎಂಬುದು ಗೊತ್ತಿದ್ದರೆ ಆ ಜಗಳಕ್ಕೊಂದು ಕೊನೆ ಸಿಗುತ್ತದೆ.

ಪುಸ್ತಕಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ

ಮನೆ ಬದಲಾವಣೆಯೆಂದರೆ ಮೊದಲು ಕತ್ತಿ ಬೀಳುವುದು ಪುಸ್ತಕಗಳ ಮೇಲೆ. "ಎಷ್ಟು ಭಾರ, ಇವನ್ನೆಲ್ಲ ಹೊತ್ತುಕೊಂಡು ಹೋಗಬೇಕಾ" ಎಂಬ ಮಾತಿಗೆ ಎದುರುತ್ತರ ಕೊಡಲಾಗದೆ ಎಷ್ಟೋ ಒಳ್ಳೆಯ ಪುಸ್ತಕಗಳು ರದ್ದಿಯವರ ತಕ್ಕಡಿ ಸೇರಿವೆ. ಹಾಗಾಗಿ ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡೋಣ.

ನಮ್ಮಲ್ಲಿ ಸಾಮಾನ್ಯವಾಗಿ ಅಚ್ಚಾಗುವ ಡೆಮಿ ಅಷ್ಟದಳದ ಪುಸ್ತಕ ಐದೂವರೆ ಇಂಚಿಗೆ ಎಂಟೂವರೆ ಇಂಚು. 200 ಪುಟವೆಂದರೆ 100 ಹಾಳೆ, ಒಟ್ಟು 3 ಚದರ ಮೀಟರ್ ಕಾಗದ. 70 ಜಿಎಸ್‌ಎಂ ಕಾಗದವಾದರೆ 210 ಗ್ರಾಂ, ರಕ್ಷಾಪುಟ ಸೇರಿ 240 ಗ್ರಾಂ ಹಿಡಿಯಬಹುದು. 400 ಪುಸ್ತಕಗಳ ಮನೆ ಗ್ರಂಥಾಲಯ ಸುಮಾರು 100 ಕಿಲೋ. ಭಾರ ನಿಜ. ಆದರೆ ಒತ್ತಾಗಿ ಜೋಡಿಸಿದ ಪುಸ್ತಕ ಒಂದು ಘನ ಅಡಿಗೆ 17 ಕಿಲೋದಷ್ಟು ಕೂರುತ್ತದೆ. ನೂರು ಕಿಲೋ ಪುಸ್ತಕಕ್ಕೆ ಬೇಕಾದ ಜಾಗ 6 ಘನ ಅಡಿ. ನಮ್ಮ ₹80ರ ಲೆಕ್ಕದಲ್ಲಿ ಅದಕ್ಕೆ ₹480. ಒಂದು ಪುಸ್ತಕ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಲು ₹1.20. ಒಂದೊಂದು ಸೋಫಾ ಕುರ್ಚಿಗೆ ₹1,920 ಕೊಡುವವರು ನಾನೂರು ಪುಸ್ತಕಕ್ಕೆ ₹480 ಕೊಡಲು ಹಿಂದೆಮುಂದೆ ನೋಡಬೇಕಾಗಿಲ್ಲ. ತೂಕ ಎದುರಾಗುವುದು ಹೊರುವವನ ಬೆನ್ನಿಗೆ ಮಾತ್ರ, ಲಾರಿಗೆ ಅಲ್ಲ.

ಬೆನ್ನಿನ ಲೆಕ್ಕವನ್ನೂ ಮಾಡಲೇಬೇಕು. ಮಾರುಕಟ್ಟೆಯಲ್ಲಿ ಸಿಗುವ 18 ಇಂಚಿನ ಚೌಕ ಬಾಕ್ಸಿನಲ್ಲಿ 3.375 ಘನ ಅಡಿ ಜಾಗವಿದೆ. ಅದರ ತುಂಬ ಪುಸ್ತಕ ತುಂಬಿದರೆ 57 ಕಿಲೋ. ಮೂರನೇ ಮಹಡಿಯಿಂದ ಲಿಫ್ಟ್ ಇಲ್ಲದ ಮೆಟ್ಟಿಲಿನಲ್ಲಿ ಅದನ್ನು ಒಬ್ಬ ಮನುಷ್ಯನ ಹೆಗಲ ಮೇಲಿಡುವುದು ಅನ್ಯಾಯ. ಬಾಕ್ಸಿನ ತಳವೂ ಅರ್ಧ ದಾರಿಯಲ್ಲೇ ಹರಿಯುತ್ತದೆ. 12 ಇಂಚಿನ ಬಾಕ್ಸಾದರೆ 17 ಕಿಲೋ. ಪುಸ್ತಕಕ್ಕೆ, ಹಿತ್ತಾಳೆ ಪಾತ್ರೆಗೆ, ಕಬ್ಬಿಣದ ಕಾವಲಿಗೆ ಚಿಕ್ಕ ಬಾಕ್ಸು. ದಿಂಬು, ಆಟಿಕೆ, ಪ್ಲಾಸ್ಟಿಕ್ ಡಬ್ಬಿಗೆ ದೊಡ್ಡ ಬಾಕ್ಸು. ಅಡುಗೆಮನೆಯ ಸ್ಟೀಲು ಪಾತ್ರೆ ಒಂದರೊಳಗೊಂದು ಕೂರುತ್ತದೆ, ಅದಕ್ಕೆ ಹೆಚ್ಚು ಬಾಕ್ಸ್ ಬೇಡ. ಒಡೆಯುವುದು ಪಿಂಗಾಣಿ, ಗಾಜು. ಅಂಥ 60 ಸಾಮಾನಿಗೆ ತಲಾ ಎರಡು ಹಾಳೆಯಂತೆ 120 ಹಾಳೆ ಬೇಕು. 16 ಪುಟದ ದಿನಪತ್ರಿಕೆಯಲ್ಲಿ 8 ಹಾಳೆ, ಅಂದರೆ ಹದಿನೈದು ದಿನದ ಪತ್ರಿಕೆ ಎತ್ತಿಟ್ಟರೆ ಸಾಕು. ಹಳೇ ಹತ್ತಿ ಸೀರೆ, ದುಪ್ಪಟಿಗಳು ಹೇಗೂ ಅಲ್ಲಿಗೆ ಬರಬೇಕಾದವು. ಅವನ್ನೇ ಟಿವಿಗೂ ಕನ್ನಡಿಗೂ ಸುತ್ತಿದರೆ ಬಬಲ್ ಶೀಟಿನ ಖರ್ಚು ಅರ್ಧಕ್ಕಿಳಿಯುತ್ತದೆ.

40 ಬಾಕ್ಸಿಗೆ ತಲಾ 25 ನಿಮಿಷವೆಂದರೆ 1,000 ನಿಮಿಷ, ಹದಿನಾರೂವರೆ ಗಂಟೆ ಚಿಲ್ಲರೆ. ಇಬ್ಬರು ರಾತ್ರಿ ಊಟವಾದ ಮೇಲೆ ಎರಡೆರಡು ಗಂಟೆ ಕೂತರೆ ನಾಲ್ಕೈದು ರಾತ್ರಿಯ ಕೆಲಸ. ಪ್ರತಿ ಬಾಕ್ಸಿನ ಎರಡು ಪಕ್ಕಕ್ಕೆ ಸಂಖ್ಯೆ ಬರೆದು, ಆ ಸಂಖ್ಯೆಯ ಮುಂದೆ ಒಳಗೇನಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೇಲ್ಮುಚ್ಚಳದ ಮೇಲೆ ಬರೆದರೆ ಒಂದರ ಮೇಲೊಂದು ಪೇರಿಸಿದಾಗ ಕಾಣುವುದಿಲ್ಲ.

ವಾಷಿಂಗ್ ಮೆಷಿನ್ ಬಗ್ಗೆ ಒಂದು ಮಾತು. ಮುಂದಿನಿಂದ ಬಟ್ಟೆ ಹಾಕುವ ಮೆಷಿನ್ ಕೊಂಡಾಗ ಹಿಂಭಾಗದಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟು ಇರುತ್ತವೆ. ಅಳವಡಿಸಲು ಬಂದವರು ಅವನ್ನು ಬಿಚ್ಚಿ ಒಂದು ಕವರಿನಲ್ಲಿ ಹಾಕಿ ಕೊಟ್ಟಿರುತ್ತಾರೆ. ಒಳಗಿನ ಡ್ರಮ್ ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದೆ. ಆ ಬೋಲ್ಟು ಹಾಕದೆ 410 ಕಿಲೋಮೀಟರ್ ಲಾರಿಯಲ್ಲಿ ಕಳಿಸಿದರೆ ಡ್ರಮ್ ಕುಲುಕಿ ಸಸ್ಪೆನ್ಷನ್ ಹಾಳಾಗುತ್ತದೆ. ಆ ಕವರು ಮನೆಯಲ್ಲಿ ಎಲ್ಲಿದೆ ಎಂದು ಈಗಲೇ ಹುಡುಕಿ. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದ್ದರೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಬೇಕು.

ಸ್ಕೂಟರು ಪಟ್ಟಿಯಲ್ಲಿಲ್ಲ. ಅದೊಂದೇ 51 ಘನ ಅಡಿ, ₹4,000ಕ್ಕೂ ಮೇಲೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ನೇರ ರೈಲುಗಳಿವೆ. ಪೆಟ್ರೋಲ್ ಖಾಲಿ ಮಾಡಿ, ಆರ್‌ಸಿ ಮತ್ತು ವಿಮೆಯ ಪ್ರತಿ ಹಿಡಿದು ಪಾರ್ಸೆಲ್ ಕಚೇರಿಗೆ ಹೋಗಿ ದರ ಕೇಳಿ, ಹೋಲಿಸಿ. ಅದೇ ರೈಲಿನ ಸ್ಲೀಪರ್ ಟಿಕೆಟ್ ಇದ್ದರೆ ತಲಾ 40 ಕಿಲೋ ಉಚಿತ. ಒಡವೆ, ದಾಖಲೆ, ಲ್ಯಾಪ್‌ಟಾಪ್, ದೇವರ ಪೆಟ್ಟಿಗೆ ಅದರಲ್ಲೇ ಬರಲಿ.

ಹಿಂದಿರುಗುವ ಗಾಡಿ

₹32,300ರಲ್ಲಿ ಗಾಡಿಗೆ ಸೇರಿದ್ದು ಡೀಸೆಲ್, ಟೋಲ್, ಬಾಟಾ, ದಿನದ ಬಾಡಿಗೆ ಕೂಡಿ ₹19,300. ಅದರ ಅರ್ಧ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಗಾಡಿ ಖಾಲಿ ಬರುವ ಖರ್ಚು. ಆದರೆ ಉತ್ತರ ಕರ್ನಾಟಕದಿಂದ ಈರುಳ್ಳಿ, ಮೆಣಸಿನಕಾಯಿ ಹೇರಿಕೊಂಡು ಬೆಂಗಳೂರಿನ ಯಶವಂತಪುರ ಯಾರ್ಡಿಗೆ ಬಂದು ಇಳಿಸಿ, ಊರಿಗೆ ಮರಳಲು ಲೋಡಿಗಾಗಿ ಕಾಯುವ ಗಾಡಿಗಳಿವೆ. ಕೆಎ-25 ಧಾರವಾಡದ್ದು, ಕೆಎ-63 ಹುಬ್ಬಳ್ಳಿಯದು. ಅಂಥ ಗಾಡಿಗೆ ನಮ್ಮ ಸಾಮಾನು ರಿಟರ್ನ್ ಲೋಡ್. ಒಂದೇ ದಿಕ್ಕಿನ ಖರ್ಚು ಹಾಕಿದರೆ ₹9,650. ಆಳು ಮತ್ತು ಪ್ಯಾಕಿಂಗ್ ₹13,000 ಸೇರಿ ಒಟ್ಟು ₹22,650. ಡ್ರೈವರನಿಗೂ ನಾಲ್ಕು ಕಾಸು ಮಿಗಬೇಕು, ಆದ್ದರಿಂದ ಮಾತು ₹22,650 ಮತ್ತು ₹32,300ರ ನಡುವೆ ಎಲ್ಲೋ ನಿಲ್ಲುವುದು ನ್ಯಾಯ. ತೊಂದರೆಯೂ ಇದೆ: ಮೇಲೆ ತೆರೆದ ಗಾಡಿ, ಈರುಳ್ಳಿಯ ವಾಸನೆ, ಹೊರಡುವ ದಿನ ಅವರದು. ತಳಕ್ಕೊಂದು, ಮೇಲಕ್ಕೊಂದು ಟಾರ್ಪಾಲು ಬೇಕೇ ಬೇಕು. ಮಳೆಗಾಲದಲ್ಲಿ ಹಾಸಿಗೆ, ಸೋಫಾ ಇರುವ ಮನೆಯವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಪ್ಯಾಕಿಂಗ್, ಸಾಗಣೆ ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೊಡುವ ನೋಂದಾಯಿತ ಸಂಸ್ಥೆಯಾದರೆ ಸಾಮಾನ್ಯವಾಗಿ 18% ಜಿಎಸ್‌ಟಿ ಇರುತ್ತದೆ. ₹32,300ಕ್ಕೆ ₹5,814 ಸೇರಿ ₹38,114. ಆರಂಭದಲ್ಲಿ ಕೇಳಿದ "ಮೂವತ್ತೆಂಟು" ಅಷ್ಟೇನೂ ಅನ್ಯಾಯದ್ದಲ್ಲ ಎಂಬುದು ಈಗ ಕಾಣುತ್ತದೆ, ಆದರೆ ಅದರಲ್ಲಿ ತೆರಿಗೆ ಸೇರಿದೆಯೇ, ಮಹಡಿ ಹತ್ತಿಸುವ ಕೂಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಅದರ ಹೆಸರಿನಲ್ಲಿ ಕೇಳುವ ಹಣ ಕೊಡಬೇಡಿ.

ಲಾರಿಗಿಂತ ದೊಡ್ಡ ಮೊತ್ತ

ಲಾರಿಯ ಬಾಡಿಗೆಗೆ ಐನೂರು ರೂಪಾಯಿ ಚೌಕಾಸಿ ಮಾಡುವವರು ಅಡ್ವಾನ್ಸಿನ ಮುಂದೆ ಮೌನವಾಗುತ್ತಾರೆ. 2011ರ ಜನಗಣತಿಯಂತೆ ದೇಶದ ನಗರಗಳ 27.5% ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವುದು ಬಹುಕಾಲದ ರೂಢಿ. ನಮ್ಮ ಲೆಕ್ಕಕ್ಕೆ ಆರು ತಿಂಗಳೆಂದು ಹಿಡಿದರೂ ₹1,44,000. ಮನೆ ಬಿಡುವ ದಿನ ಓನರ್ ಬಾಯಿಂದ ಬರುವ ಮಾತು: "ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಿ." ₹24,000 ಅಲ್ಲೇ ಹೋಯಿತು. 14 ಅಡಿಯ ಗಾಡಿಯ ಡೀಸೆಲ್, ಟೋಲ್, ಬಾಟಾ, ಎರಡು ದಿನದ ಬಾಡಿಗೆ ಸೇರಿದ ₹19,300ಕ್ಕಿಂತ ಇದು ಹೆಚ್ಚು.

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ಮಾತುಗಳಿವೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಬೇರೆ ಕರಾರು ಇಲ್ಲದಿದ್ದರೆ ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗೆ ಬಣ್ಣ ಹೊಡೆಸುವುದು ಮಾಲೀಕರ ಜವಾಬ್ದಾರಿ. ಹೆಸರೇ ಹೇಳುವಂತೆ ಇದು ಮಾದರಿ. ರಾಜ್ಯ ತನ್ನದಾಗಿಸಿಕೊಂಡಾಗ ಮಾತ್ರ ಕಾನೂನಿನ ಬಲ. ಆದರೂ ಮಾತುಕತೆಗೆ ಕೂರುವಾಗ ಅದು ಕೈಯಲ್ಲಿರಲಿ. ಮಗು ಗೋಡೆ ತುಂಬ ಗೀಚಿದ್ದರೆ ಬಾಡಿಗೆದಾರ ಕೊಡಲಿ. ಐದು ವರ್ಷ ಬಾಳಿದ ಮೇಲೆ ಬಣ್ಣ ಮಾಸಿದ್ದಕ್ಕೆ ಬಾಡಿಗೆದಾರ ದಂಡ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಐದು ವರ್ಷದ ಬಾಡಿಗೆಯೇ ₹14,40,000 ಆಗಿರುತ್ತದೆ. ಹೊಸ ಮನೆಯ ಕರಾರಿಗೆ ಸಹಿ ಹಾಕುವ ಮೊದಲೇ ಪೇಂಟಿಂಗ್ ಸಾಲನ್ನು ಓದಿ, ತೆಗೆಸಿ, ಇಲ್ಲವೇ ವರ್ಷಕ್ಕಿಷ್ಟೆಂದು ಕಡಿಮೆಯಾಗುವಂತೆ ಬರೆಸಿ. ಒಳಗೆ ಕಾಲಿಡುವ ದಿನವೇ ಗೋಡೆ, ನಲ್ಲಿ, ಸ್ವಿಚ್‌ಬೋರ್ಡುಗಳ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ.

ಮತ್ತೊಂದು ತೊಡಕು ಹಣ ಬರುವ, ಹೋಗುವ ದಿನಗಳದ್ದು. ಹಳೆಯ ಅಡ್ವಾನ್ಸ್ ಬರುವುದು ಮನೆ ಖಾಲಿಯಾದ ಮೇಲೆ, ಹೊಸ ಅಡ್ವಾನ್ಸ್ ಕೊಡುವುದು ಖಾಲಿಯಾಗುವ ಮೊದಲೇ. ಹುಬ್ಬಳ್ಳಿಯ ಅಡ್ವಾನ್ಸ್ ₹50,000, ಮೊದಲ ತಿಂಗಳ ಬಾಡಿಗೆ ₹14,000, ಲಾರಿ ₹32,300, ಗ್ಯಾಸಿನ ಹೊಸ ಠೇವಣಿ ₹4,650, ಎಲೆಕ್ಟ್ರಿಷಿಯನ್, ಪ್ಲಂಬರ್ ₹3,000. ಹೊರಡುವ ವಾರದಲ್ಲಿ ಕೈಯಲ್ಲಿರಬೇಕಾದ ಹಣ ₹1,03,950. ದಲ್ಲಾಳಿ ಮೂಲಕ ಮನೆ ಹಿಡಿದರೆ ಅವರ ಪಾಲು ಬೇರೆ. ಎರಡೂ ಮನೆ ಒಂದು ವಾರ ನಮ್ಮ ಬಳಿ ಇರಲಿ ಎಂದರೆ ಹುಬ್ಬಳ್ಳಿಯ ಬಾಡಿಗೆ ದಿನಕ್ಕೆ ₹467ರಂತೆ ₹3,267. ಸ್ವಚ್ಛ ಮಾಡಿಸಿ, ಪ್ಲಗ್ಗು ಸರಿಮಾಡಿಸಿ ಕಾಲಿಡಲು ಇದು ಯೋಗ್ಯ ಖರ್ಚು. ಮರಳಿ ಬಾರದ ಖರ್ಚನ್ನಷ್ಟೇ ಕೂಡಿದರೆ ಲಾರಿ ₹32,300, ಪೇಂಟಿಂಗ್ ₹24,000, ಆ ಒಂದು ವಾರ ₹3,267, ರಿಪೇರಿ ₹3,000, ಗ್ಯಾಸಿನ ವ್ಯತ್ಯಾಸ ₹1,600, ಒಟ್ಟು ₹64,167. ಇದರಲ್ಲಿ ಪೇಂಟಿಂಗಿನ ಪಾಲು 37%.

ಗ್ಯಾಸಿನ ವ್ಯತ್ಯಾಸ ಎಲ್ಲಿಂದ ಬಂತು ಎಂದರೆ, ಬೇರೆ ಊರಿಗೆ ಹೋಗುವಾಗ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಷನ್ ವೋಚರ್ ಪಡೆಯಬೇಕು. ಕಟ್ಟಿದ್ದ ಠೇವಣಿ ಹಳೆಯ ದರದಲ್ಲಿ ಮರಳುತ್ತದೆ: ಸಿಲಿಂಡರಿಗೆ ₹1,450, ರೆಗ್ಯುಲೇಟರಿಗೆ ₹150 ಕಟ್ಟಿದ್ದವರಿಗೆ ಎರಡು ಸಿಲಿಂಡರ್ ಸೇರಿ ₹3,050. 2022ರ ಜೂನ್‌ನಲ್ಲಿ ಏರಿದ ದರ ₹2,200 ಮತ್ತು ₹250. ಅಲ್ಲಿ ಹೊಸದಾಗಿ ಕಟ್ಟುವುದು ₹4,650. ತುಂಬಿದ ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಹಾಕಬಾರದು.

ಆಷಾಢ, ಅಧಿಕ, ಮಂಗಳವಾರ

ದಿನಾಂಕಕ್ಕೂ ಬೆಲೆಯಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿದೆ, ಮೇ 17ರಿಂದ ಜೂನ್ 15. ಆಷಾಢ ಜುಲೈ 15ರಿಂದ ಆಗಸ್ಟ್ 12. ಎರಡರಲ್ಲೂ ಮನೆ ಬದಲಾಯಿಸದವರಿಗೆ ನಡುವೆ ಉಳಿಯುವುದು ನಿಜ ಜ್ಯೇಷ್ಠದ 29 ದಿನ. ಅದರಲ್ಲಿ 5 ಮಂಗಳವಾರ, 4 ಶನಿವಾರ ಕಳೆದರೆ 20. ರಜೆ ಹಾಕಲಾಗದವರಿಗೆ 4 ಭಾನುವಾರ. ಊರಿನ ಲಾರಿ, ಆಳುಗಳೆಲ್ಲ ಆ ನಾಲ್ಕು ದಿನಕ್ಕೆ ಮುಗಿಬೀಳುತ್ತಾರೆ. ಶಾಲೆಗಳು ಅಷ್ಟರಲ್ಲಿ ಶುರುವಾಗಿರುತ್ತವೆ.

ನಮ್ಮ ಹಿರಿಯರ ಮನಸ್ಸಿಗೂ ನೋವಾಗದ, ಲೆಕ್ಕಕ್ಕೂ ಹೊಂದುವ ದಾರಿಯೊಂದಿದೆ. ಹಾಲುಕ್ಕಿಸುವುದನ್ನೂ ಲಾರಿಯನ್ನೂ ಬೇರೆ ಮಾಡುವುದು. ಒಳ್ಳೆಯ ದಿನ ನೋಡಿ ದೇವರ ಫೋಟೋ, ಉಪ್ಪು, ಅಕ್ಕಿ, ಒಂದು ಪಾತ್ರೆ ಒಯ್ದು ಹಾಲುಕ್ಕಿಸಿ ಬಂದರೆ ಗೃಹಪ್ರವೇಶವಾದಂತೆಯೇ. ಆಮೇಲೆ ಸಾಮಾನು ಯಾವ ದಿನ ಬಂದರೂ ಅಡ್ಡಿಯಿಲ್ಲ ಎನ್ನುವ ಮನೆಗಳು ಬಹಳ. ಬೇಡಿಕೆ ಇಲ್ಲದ ದಿನ ಲಾರಿ ಕರೆದರೆ ದರ ಕೇಳುವ ಬಲ ನಮ್ಮ ಕಡೆಗಿರುತ್ತದೆ. ಉದಾಹರಣೆಗೆ ಜೂನ್ 30 ಮಂಗಳವಾರ, ತಿಂಗಳ ಕೊನೆ. ಸಂಜೆ ಹೇರಿ ರಾತ್ರಿ ಹತ್ತಕ್ಕೆ ಹೊರಟ ಗಾಡಿ ಗಂಟೆಗೆ 45 ಕಿಲೋಮೀಟರ್‌ನಂತೆ ಒಂಬತ್ತು ಗಂಟೆಯಲ್ಲಿ, ಬುಧವಾರ ಬೆಳಿಗ್ಗೆ ಏಳಕ್ಕೆ ವಿದ್ಯಾನಗರದಲ್ಲಿರುತ್ತದೆ. ಬೆಂಗಳೂರಿನ ಬಾಡಿಗೆ ಒಂದು ದಿನವೂ ಹೆಚ್ಚಾಗಲಿಲ್ಲ.

ಹೊರಡುವ ಮುನ್ನ ಗೃಹಜ್ಯೋತಿಯಲ್ಲಿ ಹಳೆಯ ಮನೆಯ ಮೀಟರಿಗೆ ಜೋಡಿಸಿದ ನಿಮ್ಮ ಆಧಾರನ್ನು ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಇಲ್ಲದಿದ್ದರೆ ಹೊಸ ಮನೆಯ ಹೆಸ್ಕಾಂ ಮೀಟರಿಗೆ ಜೋಡಿಸಲಾಗದು. ಮತದಾರರ ಪಟ್ಟಿಗೆ ನಮೂನೆ 8. ವಾಹನದ ಆರ್‌ಸಿಯಲ್ಲಿ ವಿಳಾಸ ಬದಲಾವಣೆಗೆ 30 ದಿನದ ಗಡುವು.

ಗೇಟಿನ ಮುಂದೆ

ಸಾಮಾನಿಗೆ ಪೆಟ್ಟಾದರೆ ಯಾರು ಕೊಡುತ್ತಾರೆ? 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಸಾಗಣೆದಾರರ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ₹19,300 ಬಾಡಿಗೆಯಾದರೆ ₹1,93,000. ರಸೀದಿಯಲ್ಲಿ ₹8,000 ಎಂದಷ್ಟೇ ಬರೆದು ಉಳಿದದ್ದನ್ನು ಕೈಗೆ ಕೊಟ್ಟರೆ ಆ ಹೊಣೆ ₹80,000ಕ್ಕೆ ಕುಸಿಯುತ್ತದೆ. ತೆರಿಗೆ ಉಳಿಸಲು ಚೀಟಿಯಲ್ಲಿ ಕಡಿಮೆ ಬರೆಸಿಕೊಳ್ಳುವವರು ಇದನ್ನು ಗಮನಿಸಬೇಕು. ಮೂರು ಲಕ್ಷದ ಸಾಮಾನಿದ್ದರೆ ಮೌಲ್ಯ ಬರೆಸಿ, ಅಥವಾ ವಿಮಾ ಕಂಪನಿಯ ಪಾಲಿಸಿ ಸಂಖ್ಯೆ ಇರುವ ಸಾಗಣೆ ವಿಮೆ ಪಡೆಯಿರಿ. ಕೊಟೇಷನ್ನಿನಲ್ಲಿ "ಇನ್ಷೂರೆನ್ಸ್ 3%" ಎಂಬ ಸಾಲಿದ್ದರೆ, ಯಾವ ಕಂಪನಿಯ ಪಾಲಿಸಿ ಎಂದು ಕೇಳಿ. ಪಾಲಿಸಿಯ ಪ್ರತಿ ಬಾರದಿದ್ದರೆ ಆ ₹9,000 ಕೊಡಬೇಡಿ.

ಹುಬ್ಬಳ್ಳಿಯಲ್ಲಿ ಇಳಿಸುವಾಗ ಒಬ್ಬರು ಗಾಡಿಯ ಹಿಂದೆ ನೋಟ್‌ಬುಕ್ ಹಿಡಿದು ನಿಂತಿರಲಿ, ಮನೆಯೊಳಗೆ ಇನ್ನೊಬ್ಬರು. ಬಾಕ್ಸ್ ಒಂದೊಂದೇ ದಾಟುವಾಗ ಸಂಖ್ಯೆಗೆ ಗೀಟು ಹಾಕುತ್ತಾ ಬನ್ನಿ. 40ಕ್ಕೆ 40, ಗಂಟು 8ಕ್ಕೆ 8 ಆಗದೆ, ಫ್ರಿಜ್ಜಿನ ಹಿಂಭಾಗ ಮತ್ತು ಟಿವಿಯ ಗಾಜು ನೋಡದೆ ರಸೀದಿಗೆ ಸಹಿ ಹಾಕಬೇಡಿ. ಪೆಟ್ಟು ಕಂಡರೆ ಆ ರಸೀದಿಯ ಮೇಲೆಯೇ ಬರೆದು, ಡ್ರೈವರನ ಸಹಿ ಪಡೆದು, ಫೋಟೋ ತೆಗೆದಿಟ್ಟುಕೊಳ್ಳಿ. ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡಲು ಬುಕಿಂಗ್ ದಿನದಿಂದ 180 ದಿನ ಸಮಯವಿದೆ. ಅದು ತಪ್ಪಿದರೆ ಆಮೇಲೆ ದಾವೆ ಹೂಡಲು ಬರುವುದಿಲ್ಲ.